ಭಾವನ ಒಂದು ಸ್ಟಾರು, ಅಣ್ಣನ ಐದು

ನಾನು ಹಡಗಿನ ಟಿಕೆಟ್ ಮಾರುವವಳು. ಹನ್ನೊಂದು ವರ್ಷದಿಂದ ಮಾರುತ್ತಿದ್ದೇನೆ. ಹಡಗು ಹತ್ತಿದ್ದು ಮಾತ್ರ ಒಂದು ದಿನವೂ ಇಲ್ಲ. ಆದರೂ ಕೌಂಟರಿನ ಮುಂದೆ ಯಾರಾದರೂ ಬಂದು ನಿಂತರೆ ಕಣ್ಣು ಅರ್ಧ ಮುಚ್ಚಿ, "ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತೆ ಸಾರ್" ಎನ್ನುತ್ತೇನೆ. ತೊಟ್ಟಿಲಲ್ಲಿ ಮಲಗಿದ್ದು ಯಾರಿಗೆ ನೆನಪಿರುತ್ತದೆ? ಹಾಗಾಗಿ ಇದುವರೆಗೆ ಯಾರೂ ಸುಳ್ಳು ಎಂದಿಲ್ಲ.

ನಮ್ಮ ಆಫೀಸಿನ ಒಂದು ಪಕ್ಕ ಜೆರಾಕ್ಸ್ ಅಂಗಡಿ, ಇನ್ನೊಂದು ಪಕ್ಕ ಕನ್ನಡಕದ ಅಂಗಡಿ. ಮಧ್ಯೆ ಗಾಜಿನ ಬಾಗಿಲು, ಎರಡು ಕಂಪ್ಯೂಟರು, ಗೋಡೆ ತುಂಬ ನೀಲಿ ಸಮುದ್ರ. ಬೆಳಿಗ್ಗೆ ನಾನು ಟಿಕೆಟ್ ಮಾರುತ್ತೇನೆ. ಮಧ್ಯಾಹ್ನದ ಮೇಲೆ, ಹೋಗಿ ಬಂದವರು ನಮ್ಮ ವೆಬ್‌ಸೈಟಿನಲ್ಲಿ ಬರೆದ ಅಭಿಪ್ರಾಯಗಳಿಗೆ ಉತ್ತರ ಟೈಪ್ ಮಾಡುತ್ತೇನೆ. ಹೊಗಳಿದವರಿಗೆ "ನಿಮ್ಮ ಪ್ರೀತಿಗೆ ನಾವು ಋಣಿ", ಬೈದವರಿಗೆ "ನಿಮ್ಮ ಬೇಸರ ನಮ್ಮ ಬೇಸರ". ಒಂದು ವಾರ ಈ ಎರಡು ಉತ್ತರಗಳು ಅದಲುಬದಲಾಗಿ ಹೋಗಿದ್ದವು. ಯಾರೊಬ್ಬರೂ ಚಕಾರ ಎತ್ತಲಿಲ್ಲ. ಜನ ಅಭಿಪ್ರಾಯ ಬರೆಯುವುದು ಉತ್ತರ ಓದುವುದಕ್ಕಲ್ಲ ಎಂದು ಅವತ್ತು ನನಗೆ ಗೊತ್ತಾಯಿತು.

ಆ ಮಂಗಳವಾರ ಒಂದೇ ಹಡಗಿನ ಬಗ್ಗೆ ಎರಡು ಅಭಿಪ್ರಾಯ ಬಂದವು. ಒಂದಕ್ಕೆ ಒಂದೇ ಸ್ಟಾರು. ಕೆಳಗೆ ಒಂದರಿಂದ ನಲವತ್ತೊಂದರವರೆಗೆ ನಂಬರು ಹಾಕಿದ ದೂರುಗಳು. ಇನ್ನೊಂದಕ್ಕೆ ಐದು ಸ್ಟಾರು, ಕೆಳಗೆ ನಾಲ್ಕು ಸಾಲು: "ಹಡಗು ಚೆನ್ನಾಗಿದೆ. ನಮಗೆ ತುಂಬಾ ಇಷ್ಟ ಆಯಿತು. ಟವೆಲ್ ಬೇಕಾದಷ್ಟು ಕೊಡುತ್ತಾರೆ. ಒಳ್ಳೆ ನಿದ್ದೆ ಬಂತು." ಒಂದೇ ದಿನ ಹೊರಟು, ಅದೇ ಐದು ದಿನ ತೇಲಿ, ಒಂದೇ ದಿನ ವಾಪಸ್ ಬಂದವರು. ಮೊದಲನೆಯದನ್ನು ಬರೆದವರು ನನ್ನ ಅಕ್ಕನ ಗಂಡ. ಎರಡನೆಯದು ನನ್ನ ಸ್ವಂತ ಅಣ್ಣ.

ಭಾವನ ಬಗ್ಗೆ ಮೊದಲು ಹೇಳಬೇಕು, ಇಲ್ಲದಿದ್ದರೆ ಅದನ್ನೂ ದೂರಿನ ಪಟ್ಟಿಗೆ ಸೇರಿಸುತ್ತಾರೆ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಅವರು ಬೀದಿಗೆ ಇಳಿದರೆ ತಕ್ಕಡಿಗಳು ತಾವಾಗಿಯೇ ಸರಿಯಾಗುತ್ತಿದ್ದವಂತೆ. ನಮ್ಮ ಮನೆಯಲ್ಲಿ ಎಲ್ಲರೂ ಅವರ ಬೆನ್ನ ಹಿಂದೆ 'ಅಳತೆ ಭಾವ' ಎನ್ನುತ್ತೇವೆ. ಪ್ಯಾಂಟಿನ ಬಲ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಟೇಪು. ಎರಡು ತಿಂಗಳ ಹಿಂದೆ ನಿವೃತ್ತರಾದರು. ಟೇಪು ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ನನ್ನಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಅವಳೂ ಟೇಪು ಹಿಡಿಯುವವಳೇ. ಆದರೆ ಅವಳದು ಬಟ್ಟೆಯ ಟೇಪು, ಬಗ್ಗುತ್ತದೆ.

ಅಣ್ಣ ಸಿಟಿ ಬಸ್ಸಿನ ಡ್ರೈವರ್. ಇಪ್ಪತ್ತಾರು ವರ್ಷದಿಂದ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾನೆ. ಮಧ್ಯಾಹ್ನ ಬಂದು ಉಣ್ಣುತ್ತಾನೆ, ಮಲಗುತ್ತಾನೆ, ಸಂಜೆ ಎದ್ದು ಟಿ.ವಿ. ಮುಂದೆ ಕೂತು ಮತ್ತೆ ತೂಕಡಿಸುತ್ತಾನೆ. ಅತ್ತಿಗೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತು. ಮನೆಗೆ ಬಂದರೆ ಕೇಳಿಸಿಕೊಳ್ಳಲು ಗೊರಕೆ.

ಭಾವನ ನಿವೃತ್ತಿಯ ನೆಪದಲ್ಲಿ ಎರಡೂ ಜೋಡಿಗೆ ನಾನೇ ಟಿಕೆಟ್ ಮಾಡಿಸಿಕೊಟ್ಟೆ. ಆ ಹೊತ್ತಿಗೆ ಹಡಗಿನಲ್ಲಿ ಎರಡೇ ಕೋಣೆ ಉಳಿದಿದ್ದವು. ಒಂದು ಮೇಲಿನ ಅಂತಸ್ತಿನಲ್ಲಿ, ಸಮುದ್ರದ ಕಡೆ ಬಾಲ್ಕನಿ ಇದ್ದದ್ದು. ಇನ್ನೊಂದು ಕೆಳಗೆ, ಇಂಜಿನ್ ಪಕ್ಕ, ಕಿಟಕಿಯೇ ಇಲ್ಲದ್ದು. ಹಿರಿಯರು ಎಂದು ಬಾಲ್ಕನಿಯದನ್ನು ಭಾವನಿಗೆ ಕೊಟ್ಟೆ. ಅಣ್ಣನಿಗೆ ಹೇಗೆ ಹೇಳುವುದೋ ಎಂದು ಎರಡು ದಿನ ಒದ್ದಾಡಿದೆ.

ಈಗ ಅಭಿಪ್ರಾಯ ನೋಡಿದರೆ ಬಾಲ್ಕನಿ ಸಿಕ್ಕವರು ನರಕ ಎಂದಿದ್ದಾರೆ, ಬಿಲ ಸಿಕ್ಕವನು ಸ್ವರ್ಗ ಎಂದಿದ್ದಾನೆ.

ನಮ್ಮ ಯಜಮಾನರು ಎರಡನ್ನೂ ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಏನಮ್ಮಾ ಇದು? ನಿಮ್ಮ ಮನೆ ಜಗಳಾನ ನನ್ನ ಅಂಗಡಿ ಬಾಗಿಲಿಗೆ ತಂದು ಕಟ್ಟಿದ್ದೀಯಲ್ಲ!"

"ಜಗಳ ಏನಿಲ್ಲ ಸಾರ್. ಅವರವರ ಅಭಿಪ್ರಾಯ."

"ನಲವತ್ತೊಂದು ಅಂಶ ಇದ್ರೆ ಅದು ಅಭಿಪ್ರಾಯ ಅಲ್ಲಮ್ಮ, ಚಾರ್ಜ್‌ಶೀಟು."

ಅಷ್ಟರಲ್ಲಿ ಕೌಂಟರಿನ ಆಚೆ ಒಬ್ಬ ಹೆಂಗಸು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಹೊಸ ಕನ್ನಡಕಕ್ಕೆ ಕೊಟ್ಟು, ಅದು ಸಿದ್ಧವಾಗುವ ತನಕ ಹೊತ್ತು ಕಳೆಯಲು ನಮ್ಮಲ್ಲಿಗೆ ಬಂದವರು. ತಲೆ ಎತ್ತಿ ಕೇಳಿದರು: "ಅಲ್ಲಮ್ಮ, ಇದು ಒಂದೇ ಹಡಗಾ, ಎರಡಾ? ಇವರು ಊಟ ಚೆನ್ನಾಗಿರಲಿಲ್ಲ, ಗಾಳಿ ಸರಿಯಿಲ್ಲ, ನಗೋದೂ ಸರಿಯಿಲ್ಲ ಅಂತಾರೆ. ಅವರು ನಿದ್ದೆ ಬಂತು ಅಂತಾರೆ. ಯಾರನ್ನ ನಂಬಲಿ?"

"ತೊಟ್ಟಿಲಲ್ಲಿ ಮಲಗಿದ ಹಾಗೆ..." ಎಂದು ನಾನು ಶುರು ಮಾಡಿದೆ.

"ನೀವು ಹೋಗಿದ್ರಾ?"

ನಾನು ಗೋಡೆಯ ಸಮುದ್ರದ ಕಡೆ ತಿರುಗಿದೆ. ಅವರು ಕನ್ನಡಕ ತೆಗೆದುಕೊಂಡು ಮನೆಗೆ ಹೋದರು. ಯಜಮಾನರು ಭಾವನ ಪ್ರಿಂಟನ್ನು ಮಡಚಿ ನನ್ನ ಕೈಗೆ ತುರುಕಿದರು. ಹೇಗಾದರೂ ಮಾಡಿ ಇದನ್ನು ತೆಗೆಸು ಎಂದು ಅದರ ಅರ್ಥ.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರು ಯಾವತ್ತೂ ಒರಗಿ ಕೂತವರಲ್ಲ. ಕುರ್ಚಿಯ ಬೆನ್ನಿಗೂ ಅವರ ಬೆನ್ನಿಗೂ ಮೂರಿಂಚು ಅಂತರ, ಬೇಕಾದರೆ ಅಳೆದುಕೊಳ್ಳಬಹುದು.

"ಓದಿದ್ಯಾ?" ಎಂದರು. ಧ್ವನಿಯಲ್ಲಿ ಲೇಖಕನ ಸಂಕೋಚ.

"ಓದಿದೆ ಭಾವ. ಸ್ವಲ್ಪ ಉದ್ದ ಆಯ್ತೇನೋ."

"ಅರವತ್ತೆಂಟು ಇತ್ತು. ನಲವತ್ತೊಂದಕ್ಕೆ ಇಳಿಸಿದ್ದೀನಿ. ನೋಡು, ನಿಮ್ಮ ಜಾಹೀರಾತಿನ ಪುಸ್ತಕದಲ್ಲಿ ಹಾಸಿಗೆ ಆರಡಿ ಆರಿಂಚು ಅಂತಿದೆ. ನಾನು ಅಳೆದೆ. ಆರಡಿ ನಾಲ್ಕೂಕಾಲು. ಆ ಒಂದೂ ಮುಕ್ಕಾಲು ಇಂಚು ಎಲ್ಲಿಗೆ ಹೋಯ್ತು?"

"ನೀವು ಐದಡಿ ನಾಲ್ಕಿಂಚು ಇದ್ದೀರಲ್ಲ ಭಾವ."

"ಅದು ಬೇರೆ ವಿಷಯ. ಈಜುಕೊಳ! ಅದನ್ನ ಈಜುಕೊಳ ಅನ್ನೋದಾದ್ರೆ ನಮ್ಮ ಬಚ್ಚಲಿನ ತೊಟ್ಟೀನ ಸರೋವರ ಅನ್ಬೇಕು. ಬಾಲ್ಕನಿಗೆ ಬಿಸಿಲು ಬೀಳುತ್ತೆ..."

"ಬಾಲ್ಕನಿಗೆ ಬಿಸಿಲು ಬೀಳಲ್ವಾ?"

"ಮುಂಚೆ ಹೇಳಬೇಕಿತ್ತು."

ಹೀಗೆ ಹದಿನೇಳನೆಯ ಅಂಶದವರೆಗೆ ನಡೆಯಿತು. ಹದಿನೆಂಟನೆಯದಕ್ಕೆ ಬಂದಾಗ ಭಾವ ತಡೆದರು. ಅದರಲ್ಲಿ ಬರೆದಿದ್ದದ್ದು, 'ಸಿಬ್ಬಂದಿಯ ನಗು ಒಂದೇ ಗಾತ್ರದ್ದು' ಎಂದು. ನನಗೆ ನಗು ಬಂದಿತ್ತು, ಆದರೆ ಅವರ ಮುಖ ನೋಡಿ ತಡೆದುಕೊಂಡೆ.

"ಮೊದಲನೇ ದಿನ ಊಟದ ಹಾಲ್ ಮ್ಯಾನೇಜರಿಗೆ ನಾನು ಯಾರು ಅಂತ ಹೇಳಿದೆ," ಎಂದರು. "ತೂಕ ಮತ್ತು ಅಳತೆ ಇಲಾಖೆ, ಮೂವತ್ತನಾಲ್ಕು ವರ್ಷ ಅಂದೆ. ಅವನು ಏನಂದ ಗೊತ್ತಾ? 'ಸೂಪರ್ ಸಾರ್, ಸೂಪ್ ತಗೊಳ್ಳಿ' ಅಂದ. ನನ್ನ ಹಿಂದೆ ನಿಂತಿದ್ದವನಿಗೂ ಅದೇ ನಗು, ಅದೇ ಸೂಪು. ಅವನ್ಯಾರು? ಅವನು ಯಾರೂ ಅಲ್ಲ!"

ಮೂವತ್ತನಾಲ್ಕು ವರ್ಷ ಅಂಗಡಿಯವರು ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟಿದ್ದರು. ಹಡಗಿನಲ್ಲಿ ಎಲ್ಲರಿಗೂ ಕುರ್ಚಿ ಒರೆಸಿಯೇ ಇಟ್ಟಿದ್ದರು. ಅವಮಾನವಾಗದೆ ಇರುತ್ತದೆಯೇ?

ಅದೇ ಊಟದ ಮೇಜಿನಲ್ಲಿ ಇನ್ನೊಂದು ಪ್ರಸಂಗವೂ ನಡೆದಿತ್ತು. ಭಾವ ಟೇಪು ತೆಗೆದು ಎರಡು ಮೇಜಿನ ನಡುವಿನ ಅಂತರ ಅಳೆಯಲು ಬಗ್ಗಿದಾಗ ಅಣ್ಣ, "ಭಾವ, ರಿಟೈರ್ ಆದ್ಮೇಲೂ ಯಾಕೆ ಡ್ಯೂಟಿ? ಸುಮ್ನೆ ತಿನ್ನಿ" ಎಂದನಂತೆ. ಅಣ್ಣನ ಮಟ್ಟಿಗೆ ಅದು ಪ್ರೀತಿಯ ಮಾತು. ಆದರೆ ಪಕ್ಕದ ಮೇಜಿನವರು ನಕ್ಕರು. ಭಾವ ಟೇಪನ್ನು ಸರ್ರನೆ ಒಳಗೆ ಬಿಟ್ಟು ಎದ್ದು ಹೋದರು. ಮರುದಿನದಿಂದ ತಮ್ಮ ಊಟದ ಪಾಳಿಯನ್ನು ಎಂಟು ಗಂಟೆಯಿಂದ ಆರೂವರೆಗೆ ಬದಲಾಯಿಸಿಕೊಂಡರು. ಆಮೇಲೆ ನಾಲ್ಕು ದಿನ ಒಂದೇ ಹಡಗಿನಲ್ಲಿ ಎರಡು ಸಂಸಾರಗಳು ಒಂದರ ಮುಖ ಒಂದು ನೋಡಲಿಲ್ಲ. ನಟ್ಟನಡು ಸಮುದ್ರದಲ್ಲಿ ನೆಂಟರನ್ನು ತಪ್ಪಿಸಿಕೊಂಡು ಓಡಾಡುವುದೆಂದರೆ ಸಾಮಾನ್ಯ ಸಾಧನೆಯಲ್ಲ.

"ಅಕ್ಕನಿಗೂ ಇಷ್ಟ ಆಗಲಿಲ್ವಾ?" ಎಂದೆ.

"'ನಾವು' ಅಂತ ತಾನೇ ಬರೆದಿರೋದು," ಎಂದರು ಭಾವ, ಇದನ್ನೂ ಕೇಳಬೇಕೇ ಎಂಬಂತೆ.

ಅಕ್ಕ ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಹಡಗು ಹೇಗಿತ್ತು ಎಂದು ಕೇಳಿದೆ. ಮೆಷಿನ್ ನಿಂತಿತು. ಬಾಗಿಲ ಕಡೆ ಒಂದು ಸಲ ನೋಡಿ, ಸೂಜಿಯ ಕೆಳಗಿನ ಬಟ್ಟೆಯನ್ನು ಸವರುತ್ತ, "ಹೂಂ, ಇತ್ತು" ಎಂದಳು. ಕಿವಿ ಕೆಂಪಾಗಿತ್ತು. ಐವತ್ತೈದರ ಹೆಂಗಸಿನ ಕಿವಿ ಹಾಗೆ ಕೆಂಪಾಗಬೇಕಾದರೆ ಒಳಗೆ ಏನೋ ಇದೆ. ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಮರುದಿನ ಅಣ್ಣನ ಮನೆ. ಅಣ್ಣ ಆಗಷ್ಟೇ ಎದ್ದು ಮುಖ ತೊಳೆದಿದ್ದ. ಹಡಗು ಎಂದ ಕೂಡಲೇ ಮುಖ ಅರಳಿತು.

"ಏನು ಹೇಳ್ಲಿ ತಂಗೀ! ಕಿಟಕಿ ಇಲ್ಲ. ಬೆಳಗಾಗಿದ್ದೂ ಗೊತ್ತಾಗಲ್ಲ. ಪಕ್ಕದಲ್ಲೇ ಇಂಜಿನ್ನು, ಗುಂಯ್ ಅಂತ ಒಂದೇ ಸಮ, ಗೇರ್ ಬದಲಾಯಿಸೋ ಸದ್ದೇ ಇಲ್ಲ. ಓಡಿಸೋನು ಬೇರೆ ಯಾವನೋ. ಬ್ರೇಕು, ಸಿಗ್ನಲ್ಲು, ಮುಂದಿನ ಬಾಗಿಲು, ಹಿಂದಿನ ಬಾಗಿಲು, ಯಾವುದೂ ನನ್ನ ತಲೆನೋವಲ್ಲ. ಮಲಗಿದೆ ನೋಡು! ಸಮುದ್ರಾನೂ ನೋಡಿದೆ, ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಚೆನ್ನಾಗಿದೆ."

"ಐದು ದಿನಾನೂ ಮಲಗಿದ್ಯಾ?"

"ಕೋಣೆಗೆ ಊಟ ತಂದುಕೊಟ್ಟಾಗ ಏಳ್ತಿದ್ದೆ. ಭಾವನಿಗೆ ಒಂದೊಳ್ಳೆ ನಿದ್ದೆ ಬಂದಿದ್ರೆ ಅಷ್ಟೊಂದು ಬರೀತಿರಲಿಲ್ಲ. ಪಾಪ, ಆ ಬಾಲ್ಕನಿ ಬೆಳಕಲ್ಲಿ ಯಾರಿಗೆ ನಿದ್ದೆ ಬರುತ್ತೆ?"

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ನಿಮಗೆ ಹೇಗಿತ್ತು ಅತ್ತಿಗೆ?" ಎಂದೆ.

"ನಿಮ್ಮಣ್ಣ ಬರೆದಿದ್ದಾರಲ್ಲ, ನಮಗೆ ಇಷ್ಟ ಆಯ್ತು ಅಂತ," ಎಂದು ಒಳಗೆ ಹೋದರು. ಪಾತ್ರೆಗಳು ಅಗತ್ಯಕ್ಕಿಂತ ಜಾಸ್ತಿ ಸದ್ದು ಮಾಡಿದವು. ಅಣ್ಣನಿಗೆ ಅದು ಕೇಳಿಸಲಿಲ್ಲ. ಇಪ್ಪತ್ತಾರು ವರ್ಷ ಹಾರ್ನುಗಳ ನಡುವೆ ಬದುಕಿದವನಿಗೆ ಪಾತ್ರೆಯ ಭಾಷೆ ಎಲ್ಲಿ ಅರ್ಥವಾಗಬೇಕು?

ಭಾನುವಾರ ಎಲ್ಲರನ್ನೂ ಅಮ್ಮನೇ ಊಟಕ್ಕೆ ಕರೆದಳು. ಅಮ್ಮ ನನ್ನ ಜೊತೆ ಇದ್ದಾಳೆ. ವಯಸ್ಸು ಎಪ್ಪತ್ತೊಂಬತ್ತು, ಕಿವಿ ಸ್ವಲ್ಪ ಮಂದ, ಆದರೆ ಕೇಳಬೇಕಾದ್ದೆಲ್ಲ ಸರಿಯಾಗಿ ಕೇಳಿಸುತ್ತದೆ. ಅಳಿಯ ಮತ್ತು ಮಗ ಮೂರು ವಾರದಿಂದ ಮಾತಾಡುತ್ತಿಲ್ಲ ಎನ್ನುವುದು ಅವಳಿಗೆ ಹೇಗೋ ಗೊತ್ತಾಗಿತ್ತು.

ಊಟಕ್ಕೆ ಕೂತಾಗ ಅಮ್ಮ ನೇರವಾಗಿ ಕೇಳಿದಳು. "ಹಡಗು ಹೇಗಿತ್ರೋ? ಒಬ್ಬೊಬ್ಬರೇ ಹೇಳಿ."

"ನರಕ," ಎಂದರು ಭಾವ, ತಟ್ಟೆ ನೋಡುತ್ತ.

"ಸ್ವರ್ಗ ಅಮ್ಮ," ಎಂದ ಅಣ್ಣ.

"ಮಲಗಿದ್ದವನಿಗೆ ಸ್ಮಶಾನವೂ ಸ್ವರ್ಗವೇ," ಎಂದು ಭಾವ ಅನ್ನದ ಪಾತ್ರೆಗೆ ಹೇಳಿದರು.

"ಅಮ್ಮ, ಕೆಲವರು ಸ್ವರ್ಗಕ್ಕೆ ಹೋದ್ರೂ ಬಾಗಿಲ ಅಗಲ ಅಳೀತಾರೆ," ಎಂದು ಅಣ್ಣ ಉಪ್ಪಿನ ಡಬ್ಬಿಗೆ ಹೇಳಿದ.

"ಎರಡನೇ ದಿನ ನೃತ್ಯ ಕಾರ್ಯಕ್ರಮ ಇಪ್ಪತ್ತೆರಡು ನಿಮಿಷ ತಡ. ಇಪ್ಪತ್ತೆರಡು! ಅಂಶ ಇಪ್ಪತ್ತಾರು. ಐನೂರು ಜನ ಕಾದು ಕೂತಿದ್ವಿ. ಯಾಕೆ ತಡ ಅಂತ ಒಬ್ಬನೂ ಹೇಳಲಿಲ್ಲ. ಅದನ್ನೂ ಸ್ವರ್ಗ ಅನ್ನು!"

"ನಮಗೆ ಆ ತೊಂದರೆ ಆಗಲಿಲ್ಲ. ನಾವು ಮಲಗಿದ್ವಿ."

ಆಗ ಅತ್ತಿಗೆ ಸೌಟು ಕೆಳಗಿಟ್ಟರು. "ನಾವು ಅಂದ್ರೆ ಯಾರು?" ಎಂದರು.

ಅಣ್ಣ ಸುತ್ತ ನೋಡಿದ, ಪ್ರಶ್ನೆ ಬೇರೆ ಯಾರಿಗಾದರೂ ಇರಬಹುದು ಎಂಬ ಆಸೆಯಿಂದ.

"ನಾನೂ ಆ ಹಡಗಲ್ಲೇ ಇದ್ದೆ. ಯಾರಿಗಾದ್ರೂ ನೆನಪಿದ್ಯಾ?" ಎಂದರು ಅತ್ತಿಗೆ.

"ನಿಂಗೂ ಇಷ್ಟ ಆಯ್ತಲ್ಲ?"

"ಯಾವಾಗ ಹಾಗಂದೆ?"

"ಇಷ್ಟ ಆಗಲಿಲ್ಲ ಅಂತಾನೂ ಅನ್ನಲಿಲ್ವಲ್ಲೇ."

"ನೀವು ಎಚ್ಚರ ಇದ್ದಾಗ ಹೇಳೋಣ ಅಂತ ಕಾಯ್ತಾ ಇದ್ದೆ!"

ಆಮೇಲೆ ಅತ್ತಿಗೆಯ ಕಟ್ಟೆ ಒಡೆಯಿತು. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಗಂಡ ಐದು ದಿನ ಇಡೀ ತನ್ನ ಜೊತೆ ಇರುತ್ತಾನೆ ಎಂದು ಅವರು ಮಾತುಗಳನ್ನು ಕೂಡಿಟ್ಟುಕೊಂಡು ಹೋಗಿದ್ದರು. ಮಗಳ ಓದಿನ ವಿಷಯ, ಮೇಲಿನ ಕೋಣೆ ಬಾಡಿಗೆಗೆ ಕೊಡುವ ವಿಷಯ, ಇನ್ನು ಸುಮ್ಮನೆ ಆಡುವ ಮಾತು ಎಷ್ಟೋ. ಹೋದರೆ ಕಿಟಕಿಯಿಲ್ಲದ ಕತ್ತಲೆ ಕೋಣೆ, ಪಕ್ಕದಲ್ಲಿ ಇಂಜಿನ್ನು, ಹಾಸಿಗೆಯಲ್ಲಿ ಇನ್ನೊಂದು ಇಂಜಿನ್ನು. ಮೊದಲೆರಡು ದಿನ ತಲೆಸುತ್ತು, ವಾಂತಿ. ಮೂರನೇ ದಿನ ಮೇಲೆ ಹೋಗಿ ಒಬ್ಬರೇ ಊಟ ಮಾಡಿದರು. ಸುತ್ತಲಿನ ಮೇಜುಗಳಲ್ಲೆಲ್ಲ ಜೋಡಿ ಜೋಡಿ. ಅಕ್ಕ ಸಿಗಬಹುದು ಎಂದು ಹುಡುಕಿದರು. ಅಕ್ಕನ ಆರೂವರೆಯ ಪಾಳಿ ಆಗಲೇ ಮುಗಿದಿತ್ತು.

"ಕೋಣೇಲಿ ಒಂದು ಫೋನ್ ಇತ್ತು," ಎಂದರು ಅತ್ತಿಗೆ. "ಎತ್ತಿದ್ರೆ ಒಂದು ಹುಡುಗಿ ಮಾತಾಡೋಳು. ಏನು ಬೇಕು ಮೇಡಂ ಅನ್ನೋಳು. ಏನು ಬೇಕು ಅಂತ ಹೇಳ್ಲಿ? ಟವೆಲ್ ಬೇಕು ಅಂದೆ. ದಿನಕ್ಕೆ ನಾಲ್ಕು ಸಲ ಟವೆಲ್ ಬೇಕು ಅಂದೆ. ಬೇರೆ ಏನು ಕೇಳಬೇಕು ಅಂತ ಹೊಳೀಲಿಲ್ಲ. ಕೊನೇಗೆ ಹತ್ತೊಂಬತ್ತು ಟವೆಲ್ ಆಗಿತ್ತು ಕೋಣೇಲಿ."

ಅಣ್ಣನ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತ್ತು. 'ಟವೆಲ್ ಬೇಕಾದಷ್ಟು ಕೊಡುತ್ತಾರೆ' ಎಂದು ಬರೆದ ಕೈ. "ಎಬ್ಬಿಸಬಾರದಿತ್ತಾ?" ಎಂದ ಮೆಲ್ಲಗೆ.

"ಎಬ್ಬಿಸಕ್ಕೆ ಮನಸ್ಸು ಬರಲಿಲ್ಲ. ಮಗು ಹಾಗೆ ಮಲಗಿದ್ರಿ," ಎಂದು ಅತ್ತಿಗೆ ಕಣ್ಣು ಒರೆಸಿಕೊಂಡರು. ಸಿಟ್ಟಿನ ಮಧ್ಯೆ ಇಂಥ ಮಾತು ಬಂದರೆ ಗಂಡಸು ಏನು ಮಾಡಬೇಕು? ಅಣ್ಣ ತುತ್ತನ್ನು ತಟ್ಟೆಗೆ ವಾಪಸ್ ಹಾಕಿದ.

ಭಾವ ಗೆದ್ದವರಂತೆ ಗಂಟಲು ಸರಿಮಾಡಿಕೊಂಡರು. "ನಾನು ಹೇಳಿದ್ದು ಇದನ್ನೇ. ಆ ಹಡಗು..."

"ನನಗೆ ಹಡಗು ತುಂಬ ಇಷ್ಟ ಆಯ್ತು," ಎಂದಳು ಅಕ್ಕ.

ಭಾವನ ತಲೆ ನಿಧಾನಕ್ಕೆ ಅಕ್ಕನ ಕಡೆ ತಿರುಗಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವರ ವಾಕ್ಯವನ್ನು ಅಕ್ಕ ನಡುವೆ ತುಂಡರಿಸಿದ್ದು ಅದೇ ಮೊದಲು.

"ಇವರು ಎರಡನೇ ದಿನ ನೃತ್ಯ ಶುರುವಾಗೋಕೆ ಮುಂಚೆ ನನ್ನನ್ನ ನಾಟಕದ ಹಾಲಿಗೆ ಕಳಿಸಿದ್ರು," ಎಂದು ಅಕ್ಕ ಅಮ್ಮನಿಗೆ ಹೇಳತೊಡಗಿದಳು. "ಐನೂರು ಕುರ್ಚಿ ಅಂತ ಪುಸ್ತಕದಲ್ಲಿದೆ, ಎಣಿಸ್ಕೊಂಡು ಬಾ ಅಂತ. ಎಣಿಸ್ತಾ ಎಣಿಸ್ತಾ ವೇದಿಕೆ ಹತ್ತಿರ ಹೋದೆ. ಹಿಂದಿನ ಕೋಣೇಲಿ ಯಾರೋ ಅಳೋ ಸದ್ದು. ನೋಡಿದ್ರೆ ಕುಣಿಯೋ ಹುಡುಗಿ, ಅಂಗಿ ಕಂಕುಳಿಂದ ಸೊಂಟದ ತನಕ ಹೊಲಿಗೆ ಬಿಟ್ಟುಕೊಂಡಿದೆ. ಹಡಗಲ್ಲಿ ಹೊಲಿಯೋಳಿಗೆ ಜ್ವರವಂತೆ. ನನ್ನ ಬ್ಯಾಗಲ್ಲಿ ಸೂಜಿದಾರ ಯಾವಾಗ್ಲೂ ಇರುತ್ತಲ್ಲ. ಕೂತೆ. ಜಾರೋ ಬಟ್ಟೆ, ಮೇಲೆ ಮಣಿ ಕೆಲಸ, ಬೇಗ ಆಗಲಿಲ್ಲ..."

"ಎಷ್ಟು ಹೊತ್ತಾಯ್ತು?" ಎಂದರು ಭಾವ. ಧ್ವನಿ ಬದಲಾಗಿತ್ತು.

ಅಕ್ಕ ತಟ್ಟೆ ನೋಡುತ್ತ ಹೇಳಿದಳು: "ನೀವೇ ಬರೆದಿದ್ದೀರಲ್ಲ. ಇಪ್ಪತ್ತೆರಡು ನಿಮಿಷ."

ಅಮ್ಮ ಮೊದಲು ನಕ್ಕಳು. ಆಮೇಲೆ ನಾನು. ಅಣ್ಣ ನಗಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಅಕ್ಕ ನಿಲ್ಲಿಸಲಿಲ್ಲ. ಉಳಿದ ಮೂರು ದಿನವೂ ತಲೆನೋವು, ಗಾಳಿಗೆ ಹೋಗುತ್ತೇನೆ ಎಂದು ಹೇಳಿ ಆ ಕೋಣೆಗೆ ಹೋಗಿದ್ದಳಂತೆ. ಹದಿನಾಲ್ಕು ಅಂಗಿ ಸರಿಮಾಡಿದಳಂತೆ. ಭಾವ ಬಾಲ್ಕನಿಯಲ್ಲಿ ಕೂತು ದೂರು ಬರೆಯುವುದರಲ್ಲಿ ಮುಳುಗಿದ್ದರಿಂದ ತಲೆನೋವು ಎಲ್ಲಿಗೆ ಹೋಯಿತು ಎಂದು ಕೇಳಿರಲಿಲ್ಲ. ಕೊನೆಯ ದಿನ ಕುಣಿಯುವವರೆಲ್ಲ ಸೇರಿ ಅವಳನ್ನು ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕಾರ್ಯಕ್ರಮ ತೋರಿಸಿದರು. "ಮೂವತ್ತು ವರ್ಷ ಹೊಲಿದಿದ್ದೀನಿ ಅಮ್ಮ. ತೋಳು ಬಿಗಿ, ಕುತ್ತಿಗೆ ಸಡಿಲ ಅಂತ ಹೇಳಕ್ಕೆ ಬರ್ತಾರೆ. ನಾನು ಹೊಲಿದಿದ್ದು ಕುಣಿದಿದ್ದನ್ನ ಅವತ್ತೇ ನೋಡಿದ್ದು," ಎಂದಳು.

ಭಾವ ಕೈ ತೊಳೆಯಲು ಎದ್ದು ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು. ನೀರು ಪೋಲಾಗುತ್ತಿದೆ ಎಂದು ಅವರೇ ಬೇರೆಯವರಿಗೆ ಹೇಳುವಷ್ಟು ಹೊತ್ತು.

ಸೋಮವಾರ ಆಫೀಸಿನ ಬಾಗಿಲು ತೆರೆಯುವ ಮೊದಲೇ ಭಾವ ಗಾಜಿನ ಆಚೆ ನಿಂತಿದ್ದರು. ಯಜಮಾನರು ಹೆದರಿ ಒಳಗಿನ ಕೋಣೆ ಸೇರಿದರು.

"ಅಂಶ ಇಪ್ಪತ್ತಾರು ತಪ್ಪಿದೆ. ತಿದ್ದಬೇಕು," ಎಂದರು ಭಾವ. ನಾನು ಕಂಪ್ಯೂಟರ್ ತಿರುಗಿಸಿಕೊಟ್ಟೆ. ಅವರು ಒಂದು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು: "ನೃತ್ಯ ಕಾರ್ಯಕ್ರಮ ತಡವಾದದ್ದು ಹೊಲಿಗೆಯ ಕಾರಣದಿಂದ. ಸದರಿ ಹೊಲಿಗೆ ಇಂಚಿಗೆ ಹನ್ನೆರಡರಂತೆ, ಸಮನಾಗಿ, ಉತ್ತಮ ದರ್ಜೆಯದಾಗಿತ್ತು."

"ನೀವು ನೋಡಿದ್ರಾ ಭಾವ, ಆ ಹೊಲಿಗೆ?"

"ಮೂವತ್ತು ವರ್ಷದಿಂದ ನೋಡ್ತಾ ಇಲ್ವಾ ಅವಳ ಹೊಲಿಗೆ? ನನ್ನ ಎಲ್ಲಾ ಅಂಗಿ ಇಂಚಿಗೆ ಹನ್ನೆರಡೇ. ಒಂದು ಸಲಾನೂ ಹನ್ನೊಂದಾಗಿಲ್ಲ." ತಮ್ಮ ತೋಳಿನ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಯಾವ ಗಂಡನೂ ಹೆಂಡತಿಗೆ ಇದನ್ನು ಬಾಯಿಬಿಟ್ಟು ಹೇಳಬಾರದೆಂಬ ನಿಯಮವಿದ್ದಂತೆ, ಕೆಮ್ಮಿ, "ಇದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡಬೇಕು" ಎಂದರು.

"ಅರ್ಧ ಬರಲ್ಲ ಭಾವ. ಒಂದು, ಇಲ್ಲ ಎರಡು."

"ಅರ್ಧ ಇಲ್ಲದ ಅಳತೇನ ಅಳತೆ ಅಂತಾರಾ?" ಎಂದು ನಲವತ್ತೆರಡನೆಯ ಅಂಶವಾಗಿ ಅದನ್ನೂ ಸೇರಿಸಿ ಎದ್ದರು. ಸ್ಟಾರು ಒಂದೇ ಉಳಿಯಿತು.

ಅದಾಗಿ ತಿಂಗಳೊಳಗೆ ಅಕ್ಕ ಮತ್ತು ಅತ್ತಿಗೆ ಇಬ್ಬರೇ ಮತ್ತೆ ಅದೇ ಹಡಗಿಗೆ ಹೋಗುವುದೆಂದು ತೀರ್ಮಾನವಾಯಿತು. ಗಂಡಸರ ಒಪ್ಪಿಗೆ ಕೇಳಲಿಲ್ಲ, ತಿಳಿಸಿದರು ಅಷ್ಟೆ. ನಾನೇ ಟಿಕೆಟ್ ಮಾಡಿಸಿದೆ. ಈ ಸಲ ಎಚ್ಚರಿಕೆಯಿಂದ ಬಾಲ್ಕನಿ ಇರುವ ಒಂದೇ ಕೋಣೆ, ಎರಡು ಮಂಚ, ಒಂದೇ ಪಾಳಿಯ ಊಟ. ಹೋದ ಸಲ ಒಬ್ಬಳಿಗೆ ಜೊತೆ ಸಿಗಲಿಲ್ಲ, ಇನ್ನೊಬ್ಬಳು ಕದ್ದುಮುಚ್ಚಿ ಖುಷಿಪಡಬೇಕಾಯಿತು. ಈಗ ಎರಡೂ ತೊಂದರೆ ಇಲ್ಲ. ಎಲ್ಲ ಸರಿಮಾಡಿದ್ದೇನೆ ಎಂದು ನನಗೆ ನಾನೇ ಐದು ಸ್ಟಾರು ಕೊಟ್ಟುಕೊಂಡೆ.

ಆ ಐದು ದಿನ ಇತ್ತ ಗಂಡಸರ ಕಥೆಯೇ ಬೇರೆ. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಭಾವ ಎರಡನೇ ದಿನ ಅಣ್ಣನ ಬಸ್ ಹತ್ತಿದರು. ಡ್ರೈವರ್ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಪ್ರತಿ ನಿಲ್ದಾಣಕ್ಕೂ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಮಧ್ಯಾಹ್ನ ಪಾಳಿ ಮುಗಿಯುವ ಹೊತ್ತಿಗೆ ಅಣ್ಣನಿಗೆ ಬೆವರು. "ಹೇಳಿ ಭಾವ, ಎಷ್ಟು ಅಂಶ?" ಎಂದನಂತೆ. ಭಾವ ಪುಸ್ತಕ ಮುಚ್ಚಿ, "ಎಪ್ಪತ್ತಮೂರು ನಿಲ್ದಾಣ. ಎಲ್ಲೂ ಒಂದೂವರೆ ನಿಮಿಷಕ್ಕಿಂತ ತಡ ಇಲ್ಲ. ಈ ಟ್ರಾಫಿಕ್‌ನಲ್ಲಿ! ನಿನ್ನ ಇಲಾಖೇಲಿ ಯಾರಾದ್ರೂ ಇದನ್ನ ಅಳೆದು ನಿನಗೆ ಹೇಳಿದ್ದಾರಾ?" ಎಂದರಂತೆ. ಯಾರೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಣ್ಣನಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಮರುದಿನದಿಂದ ಆ ಸೀಟು ಭಾವನಿಗೆ ಕಾಯಂ. ಹತ್ತುವವರೆಲ್ಲ ಅವರನ್ನು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡು ಸರಿಯಾದ ಚಿಲ್ಲರೆ ಕೊಟ್ಟು, ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದರು. ಭಾವನ ಮುಖಕ್ಕೆ ಕಳೆ ಬಂತು.

ಹೆಂಗಸರು ವಾಪಸ್ ಬಂದವರು ನೇರ ನನ್ನ ಕೌಂಟರಿಗೇ ಬಂದರು, ಸೂಟ್‌ಕೇಸು ಎಳೆದುಕೊಂಡು. ಅತ್ತಿಗೆಯ ಮುಖ ಹತ್ತು ವರ್ಷ ಚಿಕ್ಕದಾಗಿತ್ತು. ಅಕ್ಕನ ಮುಖ ಮೂರು ದಿನದಿಂದ ನಿದ್ದೆ ಇಲ್ಲದವರಂತಿತ್ತು.

"ಸ್ವರ್ಗ!" ಎಂದರು ಅತ್ತಿಗೆ. "ಅದೇ ಹಡಗು ಅಂದ್ರೆ ನಂಬಕ್ಕಾಗಲ್ಲ. ಬೆಳಿಗ್ಗೆ ಕಾಫಿ ಹಿಡ್ಕೊಂಡು ಬಾಲ್ಕನೀಲಿ ಕೂತ್ರೆ ಮಾತು, ಊಟಕ್ಕೆ ಕೂತ್ರೆ ಮಾತು, ಮಲಗೋವರೆಗೂ ಮಾತು. ಇಪ್ಪತ್ತಾರು ವರ್ಷದ್ದು ಎಲ್ಲಾ ಹೇಳಿ ಮುಗಿಸಿದೆ. ಇಲ್ಲ, ಮುಗಿದಿಲ್ಲ, ಮಗಳು ಹುಟ್ಟಿದ ವರ್ಷದವರೆಗೆ ಬಂದಿದ್ದೀನಿ."

ಹಡಗಿನ ಹೊಲಿಯುವವಳ ಜ್ವರ ವಾಸಿಯಾಗಿತ್ತಂತೆ. ಅಕ್ಕ ಮೊದಲನೇ ದಿನವೇ ಆ ಹಿಂದಿನ ಕೋಣೆಗೆ ಹೋಗಿದ್ದಾಳೆ. ಹುಡುಗಿಯರು ಬೇರೆಯವರು, ಹಳಬರು ಇನ್ನೊಂದು ಹಡಗಿಗೆ ಹೋಗಿದ್ದರು. ಬಾಗಿಲಲ್ಲಿ ಒಬ್ಬ, "ಮೇಡಂ, ಪ್ರಯಾಣಿಕರು ಈ ಕಡೆ ಬರಬಾರದು" ಎಂದು ನಕ್ಕು ಹೇಳಿ, ಒಂದು ಲೋಟ ಜ್ಯೂಸು ಕೊಟ್ಟು ಕಳಿಸಿದ್ದ. ಆಮೇಲೆ ಐದು ದಿನ ಅವಳು ಬಾಲ್ಕನಿಯಲ್ಲಿ ಕೂತು ಅತ್ತಿಗೆಯ ಇಪ್ಪತ್ತಾರು ವರ್ಷ ಕೇಳಿದ್ದಾಳೆ.

"ಅಕ್ಕ, ನಿಂಗೆ ಹೇಗಿತ್ತು?" ಎಂದು ಕೇಳಿದೆ.

"ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ ಕಣೇ," ಎಂದಳು ಅಕ್ಕ, ಸೂಟ್‌ಕೇಸಿನ ಮೇಲೆ ಕೂತು. "ಬಾಲ್ಕನಿಗೆ ತುಂಬ ಬಿಸಿಲು. ಎಲ್ಲರಿಗೂ ಒಂದೇ ನಗು."

ಅತ್ತಿಗೆಗೆ ಇದು ಕೇಳಿಸಲಿಲ್ಲ. ಅವರು ಕೌಂಟರಿನ ಮೇಲೆ ಬಾಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತಾರೀಖು ಹುಡುಕುತ್ತಿದ್ದರು. "ಮುಂದಿನ ತಿಂಗಳು ಹದಿನೆಂಟಕ್ಕೆ ಹೊರಡುತ್ತಲ್ಲ, ಅದಕ್ಕೆ ನಮ್ಮಿಬ್ಬರಿಗೆ ಅದೇ ಕೋಣೆ ಹಾಕಿಬಿಡಮ್ಮ. ಅಕ್ಕನಿಗೂ ಖುಷಿ. ನಮಗೆ ತುಂಬಾ ಇಷ್ಟ ಆಯ್ತು."

ಅವರ ಬೆನ್ನ ಹಿಂದೆ ಅಕ್ಕ ಎರಡೂ ಕೈ ಜೋಡಿಸಿ ನನ್ನನ್ನು ನೋಡಿದಳು. ದೇವರ ಮುಂದೆಯೂ ಅವಳು ಅಷ್ಟು ಭಕ್ತಿಯಿಂದ ಕೈಮುಗಿದದ್ದನ್ನು ನಾನು ಕಂಡಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಹದಿನೆಂಟನೇ ತಾರೀಖಿನ ಹಡಗಿಗೆ ಅರವತ್ತು ಕೋಣೆ ಖಾಲಿ ಇದ್ದವು. ನಾನು ತುಂಬ ಹೊತ್ತು ಕೀಲಿ ಒತ್ತುವಂತೆ ನಟಿಸಿ, ಕಣ್ಣು ಅರ್ಧ ಮುಚ್ಚಿ, ಹನ್ನೊಂದು ವರ್ಷದ ಅನುಭವವನ್ನೆಲ್ಲ ಧ್ವನಿಗೆ ತಂದುಕೊಂಡು ಹೇಳಿದೆ:

"ಛೇ, ಅತ್ತಿಗೆ! ಒಂದೇ ಒಂದು ಕೋಣೆ ಉಳಿದಿದೆ. ಕೆಳಗೆ, ಇಂಜಿನ್ ಪಕ್ಕ, ಕಿಟಕಿ ಇಲ್ಲದ್ದು."

ಅತ್ತಿಗೆ ಒಂದು ಕ್ಷಣ ಯೋಚಿಸಿದರು. ಆಮೇಲೆ ಮುಖ ಅರಳಿತು.

"ಪರವಾಗಿಲ್ಲ, ಹಾಕು," ಎಂದರು. "ಕಿಟಕಿ ಇಲ್ಲದಿದ್ರೆ ಇನ್ನೂ ಒಳ್ಳೇದು. ಅಕ್ಕ ಆಚೆ ಈಚೆ ನೋಡದೆ ಕೇಳಿಸ್ಕೋತಾರೆ."